ರಾತ್ರಿ ಹಾರಾಟಕ್ಕೆ ಸಣ್ಣ ವಿಮಾನದ ಕಾಕ್‌ಪಿಟ್ ಬೆಳಕನ್ನು ಹೊಂದಿಸಿಕೊಳ್ಳುವ ಬಗೆ

ರಾತ್ರಿ ಹಾರಾಟವನ್ನು ಹೊಸದಾಗಿ ಕಲಿಯುವವರಲ್ಲಿ ಹೆಚ್ಚಿನವರು ಕಾಕ್‌ಪಿಟ್‌ನಲ್ಲಿ ಕುಳಿತ ಕೂಡಲೇ ಇರುವ ದೀಪಗಳನ್ನೆಲ್ಲ ಹೊತ್ತಿಸಿ, ಪ್ಯಾನೆಲ್ಲಿನ ಪ್ರತಿಯೊಂದು ಅಂಕಿಯೂ ಹಗಲಿನಷ್ಟೇ ನಿಚ್ಚಳವಾಗಿ ಕಾಣುವಂತೆ ಮಾಡಿಕೊಳ್ಳುತ್ತಾರೆ. ನಾನೂ ಮೊದಲ ರಾತ್ರಿ ಹಾಗೆಯೇ ಮಾಡಿದ್ದೆ. ಒಳಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು, ಆದರೆ ತಲೆ ಎತ್ತಿದರೆ ವಿಂಡ್‌ಸ್ಕ್ರೀನಿನ ಮೇಲೆ ನನ್ನದೇ ಬಿಳಿ ಅಂಗಿಯ ಪ್ರತಿಬಿಂಬ, ಅದರಾಚೆ ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇಯ ನೀಲಿ ದೀಪಗಳ ಹೊರತು ಬೇರೇನೂ ಇಲ್ಲ. ಪಕ್ಕದಲ್ಲಿದ್ದ ಬೋಧಕರು ಏನೂ ಹೇಳದೆ ಎರಡು ನಾಬ್‌ಗಳನ್ನು ತಿರುಗಿಸಿ ಬೆಳಕನ್ನು ಇಳಿಸಿದರು. ಐದಾರು ನಿಮಿಷಗಳಲ್ಲಿ ಏರ್‌ಪೋರ್ಟಿನಾಚೆಯ ಗುಡ್ಡದ ಅಂಚು, ಅದರ ಮೇಲಿನ ತೆಳು ಮೋಡ, ಟ್ಯಾಕ್ಸಿವೇ ಪಕ್ಕದ ಹುಲ್ಲು ಒಂದೊಂದಾಗಿ ಕಾಣತೊಡಗಿದವು. ಕಾಕ್‌ಪಿಟ್ ದೀಪದ ಕೆಲಸ ಒಳಗನ್ನು ಬೆಳಗುವುದಷ್ಟೇ ಅಲ್ಲ, ಹೊರಗಿನ ಕತ್ತಲೆಯನ್ನು ನೋಡುವ ಶಕ್ತಿಯನ್ನು ಕಣ್ಣಿಗೆ ಉಳಿಸಿಕೊಡುವುದೂ ಹೌದು ಎಂಬುದು ನನಗೆ ಆಗ ತಿಳಿಯಿತು. ಈ ಬರಹದಲ್ಲಿ ಹೇಳುವ ಎಲ್ಲ ಕ್ರಮಗಳೂ ಆ ಒಂದು ಮಾತನ್ನು ಆಧರಿಸಿವೆ.

ಇಲ್ಲಿ ಮಾದರಿಯಾಗಿ ತೆಗೆದುಕೊಂಡಿರುವುದು ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ಸೆಸ್ನಾ 172 ವಿಮಾನವನ್ನು, ಮತ್ತು ಉಲ್ಲೇಖಿಸಿರುವುದು ಅಮೆರಿಕದ ನಿಯಮಗಳನ್ನು. ಭಾರತದಲ್ಲಿ ಸೂರ್ಯಾಸ್ತದ 20 ನಿಮಿಷಗಳ ನಂತರದಿಂದ ಸೂರ್ಯೋದಯಕ್ಕೆ 20 ನಿಮಿಷಗಳ ಮೊದಲಿನವರೆಗೆ, ಏರ್ ಟ್ರಾಫಿಕ್ ಕಂಟ್ರೋಲ್ ಒಪ್ಪಿದ ಸ್ಥಳೀಯ ಮತ್ತು ತರಬೇತಿ ಹಾರಾಟಗಳ ಹೊರತು, ಕಣ್ಣಳತೆಯ ನಿಯಮದಡಿ, ಅಂದರೆ ಹೊರಗೆ ಕಣ್ಣಿಗೆ ಕಾಣುವುದನ್ನೇ ನಂಬಿ, ಹಾರುವಂತಿಲ್ಲ. ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಇದ್ದವರು ಬಾಡಿಗೆ ವಿಮಾನದಲ್ಲಿ ರಾತ್ರಿ ಒಂದೂರಿನಿಂದ ಇನ್ನೊಂದೂರಿಗೆ ಹೋಗಿಬರಬಹುದು. ಹಾರಾಟ ಕಲಿಯಲು ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಆ ಲೈಸೆನ್ಸಿಗಾಗಿಯೇ 3 ಗಂಟೆಗಳ ರಾತ್ರಿ ತರಬೇತಿಯನ್ನು, ಅದರಲ್ಲಿ 10 ಬಾರಿ ಪೂರ್ತಿ ನಿಲ್ಲುವವರೆಗಿನ ಲ್ಯಾಂಡಿಂಗ್‌ಗಳನ್ನು ಮುಗಿಸಬೇಕಾಗುತ್ತದೆ.

ಕಣ್ಣು ಕತ್ತಲೆಗೆ ಪಳಗುವ ಬಗೆ

ಹಳ್ಳಿಯಲ್ಲಿ ಬೆಳೆದವರಿಗೆ ಇದು ಅನುಭವದಿಂದಲೇ ಗೊತ್ತು. ರಾತ್ರಿ ಬೆಳಕಿರುವ ಪಡಸಾಲೆಯಿಂದ ಅಂಗಳಕ್ಕೆ ಇಳಿದರೆ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಬಾವಿಕಟ್ಟೆ, ತೆಂಗಿನ ಮರ, ಕೊಟ್ಟಿಗೆಯ ಮಾಡು ತಾವಾಗಿ ಮೂಡಿಬರುತ್ತವೆ. ಕಣ್ಣಿನ ಒಳಪೊರೆಯಲ್ಲಿ ಎರಡು ಬಗೆಯ ಕೋಶಗಳಿವೆ. ಸುಮಾರು 60 ಲಕ್ಷದಷ್ಟಿರುವ ಶಂಕುಕೋಶಗಳು ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗುರುತಿಸುತ್ತವೆ, ಆದರೆ ಅವುಗಳಿಗೆ ಸಾಕಷ್ಟು ಬೆಳಕು ಬೇಕು. ಸುಮಾರು 12 ಕೋಟಿಯಷ್ಟಿರುವ ದಂಡಕೋಶಗಳು ತೀರ ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತವೆ, ಆದರೆ ಬಣ್ಣ ತಿಳಿಯುವುದಿಲ್ಲ. ಶಂಕುಕೋಶಗಳು ಕತ್ತಲೆಗೆ ಹೊಂದಿಕೊಳ್ಳಲು 5ರಿಂದ 10 ನಿಮಿಷ ಸಾಕು. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕು ಬಿದ್ದೊಡನೆ ಒಡೆಯುತ್ತದೆ, ಕತ್ತಲೆಯಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಆದ್ದರಿಂದ ಅವು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಅರ್ಧ ಗಂಟೆ ಕಾದು ಗಳಿಸಿದ್ದನ್ನು ಬಿಳಿ ಟಾರ್ಚಿನ ಕೆಲವೇ ಕ್ಷಣಗಳ ಬೆಳಕು ಹಾಳುಮಾಡಬಲ್ಲದು.

ದೃಷ್ಟಿಯ ನಟ್ಟನಡುವೆ ಶಂಕುಕೋಶಗಳು ಮಾತ್ರ ಇರುವುದರಿಂದ, ಗಾಢ ಕತ್ತಲೆಯಲ್ಲಿ ನಾವು ನೇರವಾಗಿ ದಿಟ್ಟಿಸಿದ ಮಂಕು ವಸ್ತುವೇ ಮಾಯವಾಗುತ್ತದೆ. ಅದನ್ನು ಕಾಣಬೇಕಾದರೆ 5ರಿಂದ 10 ಡಿಗ್ರಿಯಷ್ಟು ಪಕ್ಕಕ್ಕೆ ನೋಟವಿಡಬೇಕು. ದೂರದ ವಿಮಾನದ ದೀಪವನ್ನಾಗಲಿ, ಬೆಳಕಿಲ್ಲದ ಬೆಟ್ಟದ ಅಂಚನ್ನಾಗಲಿ ಹೀಗೆ ಓರೆನೋಟದಿಂದಲೇ ಹುಡುಕಬೇಕು. ಆ ನೋಟ ದಂಡಕೋಶಗಳಿಂದ ಬರುತ್ತದೆ, ಮತ್ತು ಕಾಕ್‌ಪಿಟ್‌ನ ಅತಿ ಬೆಳಕು ಮೊದಲು ಕೆಡಿಸುವುದು ಅದನ್ನೇ.

ದಂಡಕೋಶಗಳು ಆಮ್ಲಜನಕದ ಕೊರತೆಯನ್ನೂ ತಡೆದುಕೊಳ್ಳಲಾರವು. ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ, ರಾತ್ರಿ 5,000 ಅಡಿಗಿಂತ ಮೇಲೆ ಹೆಚ್ಚುವರಿ ಆಮ್ಲಜನಕ ಬಳಸುವಂತೆ ಸಲಹೆ ನೀಡುತ್ತದೆ. ಸಿಗರೇಟಿನ ಕಾರ್ಬನ್ ಮಾನಾಕ್ಸೈಡ್ ಕೂಡ ಇದೇ ಕೇಡನ್ನು ಮಾಡುತ್ತದೆ. ಹಗಲಿಡೀ ಮರಳ ದಂಡೆಯಲ್ಲೋ ಹಿಮದ ಮೇಲೋ ಬರಿಗಣ್ಣಿನಲ್ಲಿ ಕಳೆದಿದ್ದರೆ ಆ ರಾತ್ರಿ ಕಣ್ಣು ಸರಿಯಾಗಿ ಪಳಗುವುದಿಲ್ಲ. ಆದ್ದರಿಂದ ರಾತ್ರಿ ಹಾರುವ ದಿನ ಹಗಲಿನಲ್ಲಿ ತಂಪು ಕನ್ನಡಕ ಹಾಕಿಕೊಳ್ಳುವುದೂ ಸಿದ್ಧತೆಯ ಒಂದು ಭಾಗ.

ಕೆಂಪೋ, ಬಿಳಿಯೋ

ಈ ವಿಷಯದಲ್ಲಿ ಪೈಲಟ್‌ಗಳ ನಡುವೆ ವಾದ ಇನ್ನೂ ಮುಗಿದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಂಡಕೋಶಗಳು ನೀಲಿ-ಹಸಿರು ಬೆಳಕಿಗೆ, ಅಂದರೆ ಸುಮಾರು 500 ನ್ಯಾನೋಮೀಟರ್ ತರಂಗಕ್ಕೆ, ಅತಿ ಹೆಚ್ಚು ಸ್ಪಂದಿಸುತ್ತವೆ. ಗಾಢ ಕೆಂಪಿಗೆ ಅವು ಬಹುಮಟ್ಟಿಗೆ ಕುರುಡು. ಕೆಂಪು ಬೆಳಕಿನಲ್ಲಿ ಶಂಕುಕೋಶಗಳಿಂದ ಅಂಕಿ ಓದಿಕೊಂಡು, ದಂಡಕೋಶಗಳನ್ನು ಕತ್ತಲೆಯಲ್ಲೇ ಉಳಿಸಬಹುದು ಎಂಬುದು ಕೆಂಪು ದೀಪದ ಹಿಂದಿರುವ ತರ್ಕ. ಜರ್ಮನಿಯ ವಿಲ್ಹೆಲ್ಮ್ ಟ್ರೆಂಡೆಲೆನ್‌ಬರ್ಗ್ 1916ರಲ್ಲಿ ಎಕ್ಸ್-ರೇ ನೋಡುವ ವೈದ್ಯರಿಗಾಗಿ ಕೆಂಪು ಕನ್ನಡಕವನ್ನು ರೂಪಿಸಿದ್ದು ಇದೇ ತರ್ಕದ ಮೇಲೆ, ಮತ್ತು ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾತ್ರಿ ಹಾರುವವರು ಅಂಥ ಕನ್ನಡಕಗಳನ್ನು ಹಾಕಿಕೊಂಡು ಸರದಿಗಾಗಿ ಕಾಯುತ್ತಿದ್ದರು.

ಕೆಂಪಿಗೆ ತನ್ನದೇ ತೊಂದರೆಗಳಿವೆ. ನಕ್ಷೆಯ ಮೇಲೆ ಕೆಂಪು, ಕಿತ್ತಳೆ ಮತ್ತು ಮಜೆಂಟಾ ಬಣ್ಣಗಳಲ್ಲಿ ಅಚ್ಚಾದದ್ದು ಕೆಂಪು ಬೆಳಕಿನಲ್ಲಿ ಕಾಗದದೊಳಗೆ ಕರಗಿಹೋಗುತ್ತದೆ. ಅಮೆರಿಕದ ಪೈಲಟ್‌ಗಳು ಬಳಸುವ ಸೆಕ್ಷನಲ್ ಚಾರ್ಟ್ ಎಂಬ ನಕ್ಷೆಯಲ್ಲಿ ಕಂಟ್ರೋಲ್ ಟವರ್ ಇಲ್ಲದ ಏರ್‌ಪೋರ್ಟುಗಳನ್ನು ಮಜೆಂಟಾದಲ್ಲೇ ಗುರುತಿಸುವುದರಿಂದ, ಇಳಿಯಲು ಜಾಗ ಹುಡುಕುವ ಹೊತ್ತಿನಲ್ಲಿ ಇದು ಸಣ್ಣ ತೊಂದರೆಯಲ್ಲ. ಏರ್‌ಸ್ಪೀಡ್ ಮಾಪಕದ ಕೆಂಪು ಗೆರೆಯೂ ಮಂಕಾಗುತ್ತದೆ. ಇನ್ನೊಂದು ತೊಂದರೆ ವಯಸ್ಸಿನದು: ಕೆಂಪು ಬೆಳಕು ಕಣ್ಣಿನ ಒಳಪೊರೆಗಿಂತ ಸ್ವಲ್ಪ ಹಿಂದೆ ಕೇಂದ್ರೀಕರಿಸುವುದರಿಂದ, ನಲವತ್ತು ದಾಟಿ ಓದುವ ಕನ್ನಡಕಕ್ಕೆ ಬಂದವರಿಗೆ ಸಣ್ಣ ಅಕ್ಷರಗಳು ಮಸುಕಾಗಿ, ಕಣ್ಣು ಬೇಗ ದಣಿಯುತ್ತದೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಬೆಳಕಿನ ಬಣ್ಣಕ್ಕಿಂತ ಅದರ ಪ್ರಮಾಣವೇ ಮುಖ್ಯ. ನಗರದ ಬೆಳಕುಗಳ ಮೇಲೆ ಹಾರುವಾಗ ಕಣ್ಣು ಹೇಗೂ ಪೂರ್ತಿ ಪಳಗಿರುವುದಿಲ್ಲ. ಅಲ್ಲಿ ಕನಿಷ್ಠ ಮಟ್ಟಕ್ಕೆ ಇಳಿಸಿದ ಬಿಳಿ ಬೆಳಕು ಓದಲು ಸುಲಭ, ಬಣ್ಣಗಳನ್ನೂ ಕೆಡಿಸುವುದಿಲ್ಲ. ಚಂದ್ರನಿಲ್ಲದ ರಾತ್ರಿ ಬಯಲು, ಬೆಟ್ಟ ಅಥವಾ ನೀರಿನ ಮೇಲೆ ಹಾರುವಾಗ ಇಡೀ ಪ್ಯಾನೆಲ್ಲಿನ ಮೇಲೆ ಬೀಳುವ ಕೆಂಪು ಫ್ಲಡ್ ಲೈಟನ್ನು ಮಂದವಾಗಿಟ್ಟುಕೊಂಡು, ನಕ್ಷೆ ನೋಡುವ ಕ್ಷಣಕ್ಕಷ್ಟೇ ಮಂದ ಬಿಳಿಯನ್ನು ಬಳಸುವುದು ಲೇಸು. ಹಸಿರು ಟಾರ್ಚುಗಳು ಈಗ ಎಲ್ಲೆಡೆ ಸಿಗುತ್ತವೆ, ಅವುಗಳಲ್ಲಿ ನಕ್ಷೆ ಚೆನ್ನಾಗಿ ಕಾಣುವುದೂ ನಿಜ. ಆದರೆ ದಂಡಕೋಶಗಳನ್ನು ತಟ್ಟುವ ಬಣ್ಣಕ್ಕೆ ಹಸಿರು ಹತ್ತಿರವಿರುವುದರಿಂದ, ಅದು ತೀರ ಮಂದವಾಗಿದ್ದರೆ ಮಾತ್ರ ಉಪಯುಕ್ತ.

ವಿಮಾನದಲ್ಲಿ ಇರುವ ದೀಪಗಳು

ರಾತ್ರಿ ಹಾರಾಟಕ್ಕೆ ಕಡ್ಡಾಯವಾದ ಸಲಕರಣೆಗಳನ್ನು ಅಮೆರಿಕದ 91.205 ನಿಯಮ ಪಟ್ಟಿಮಾಡುತ್ತದೆ: ರೆಕ್ಕೆತುದಿ ಮತ್ತು ಬಾಲದ ಪೊಸಿಷನ್ ದೀಪಗಳು, ಡಿಕ್ಕಿ ತಡೆಯುವ ಮಿನುಗು ದೀಪ, ಬಾಡಿಗೆಗೆ ಜನರನ್ನು ಒಯ್ಯುವುದಾದರೆ ಲ್ಯಾಂಡಿಂಗ್ ಲೈಟ್, ಸಾಕಷ್ಟು ವಿದ್ಯುತ್ ಮೂಲ, ಬದಲಿ ಫ್ಯೂಸ್‌ಗಳು. ಆ ಪಟ್ಟಿಯ ರಾತ್ರಿ ಭಾಗದಲ್ಲಿ ಉಪಕರಣ ದೀಪದ ಮಾತೂ ಇಲ್ಲ, ಟಾರ್ಚಿನ ಮಾತೂ ಇಲ್ಲ. ಹಾಗೆಂದು ಅವು ಬೇಡವೆಂದಲ್ಲ. ಆಯಾ ವಿಮಾನದ ಕೈಪಿಡಿಯಲ್ಲಿರುವ ಸಲಕರಣೆ ಪಟ್ಟಿಯನ್ನು ಬೇರೆಯಾಗಿ ನೋಡಲೇಬೇಕು. ಸಣ್ಣ ವಿಮಾನಗಳ ವಿನ್ಯಾಸಕ್ಕೆ ಸಂಬಂಧಿಸಿದ ಅಲ್ಲಿನ ನಿಯಮಾವಳಿಯಲ್ಲಿ, ಕ್ಯಾಬಿನ್ನಿನ ಛಾವಣಿ ದೀಪವನ್ನು ಉಪಕರಣ ದೀಪವೆಂದು ಪರಿಗಣಿಸುವಂತಿಲ್ಲ ಎಂಬ ಚಿಕ್ಕ ವಾಕ್ಯವೊಂದು ಬಹುಕಾಲ ಇತ್ತು. ದೀಪದ ಕಿರಣಗಳು ನೇರವಾಗಿಯಾಗಲಿ ಗಾಜಿನಿಂದ ಪ್ರತಿಫಲಿಸಿಯಾಗಲಿ ಪೈಲಟ್‌ನ ಕಣ್ಣಿಗೆ ಬೀಳಬಾರದು ಎಂದೂ ಅದೇ ನಿಯಮ ಹೇಳುತ್ತಿತ್ತು. ಹಾರುವಾಗ ಛಾವಣಿ ದೀಪವನ್ನು ಮುಟ್ಟದಿರುವುದಕ್ಕೆ ಇಷ್ಟು ಕಾರಣ ಸಾಕು.

1970ರ ದಶಕದ ಕೊನೆಯ ಸೆಸ್ನಾ 172ರಲ್ಲಿ ತಲೆಯ ಮೇಲಿನ ಕನ್ಸೋಲಿನ ಮುಂಭಾಗದಿಂದ ಕೆಂಪು ಫ್ಲಡ್ ಲೈಟ್ ಒಂದು ಇಡೀ ಪ್ಯಾನೆಲ್ಲಿನ ಮೇಲೆ ಬೀಳುತ್ತದೆ. ಕೆಲವು ವಿಮಾನಗಳಲ್ಲಿ ಪ್ರತಿ ಮಾಪಕದ ಪಕ್ಕ ಪುಟ್ಟ ಟೊಪ್ಪಿಗೆ ಹಾಕಿದಂತಿರುವ ಪೋಸ್ಟ್ ಲೈಟ್‌ಗಳೂ ಇರುತ್ತವೆ. ಫ್ಲಡ್ ಬೇಕೋ, ಪೋಸ್ಟ್ ಬೇಕೋ, ಎರಡೂ ಬೇಕೋ ಎಂಬುದನ್ನು ತಲೆಯ ಮೇಲಿನ ಜಾರು ಸ್ವಿಚ್ಚಿನಿಂದ ಆರಿಸಬೇಕು. ಬೆಳಕಿನ ಪ್ರಮಾಣವನ್ನು ಎಡಗಡೆ ಪ್ಯಾನೆಲ್ಲಿನಲ್ಲಿರುವ, ಒಂದರೊಳಗೊಂದು ಕೂತ ಎರಡು ನಾಬ್‌ಗಳಿಂದ ಹೊಂದಿಸಬೇಕು. ಅವುಗಳಲ್ಲಿ ಒಂದು ಪ್ಯಾನೆಲ್ಲಿಗೆ, ಇನ್ನೊಂದು ರೇಡಿಯೋಗಳಿಗೆ. ಬಾಗಿಲ ಕಂಬದಲ್ಲಿರುವ ನಕ್ಷೆ ದೀಪದ ಸ್ವಿಚ್ಚು ಮೇಲಕ್ಕೆ ಹೋದರೆ ಕೆಂಪು, ಕೆಳಕ್ಕೆ ಬಂದರೆ ಬಿಳಿ, ನಡುವೆ ನಿಂತರೆ ಆಫ್. ಕತ್ತಲೆಯಲ್ಲಿ ಬೆರಳು ಯಾವ ಕಡೆಗೆ ಒತ್ತಬೇಕೆಂಬುದು ಮೊದಲೇ ಕೈಗೆ ರೂಢಿಯಾಗಿರಬೇಕು.

ಕಂಟ್ರೋಲ್ ವೀಲಿನ ಅಡಿಯಲ್ಲಿ ಇನ್ನೊಂದು ನಕ್ಷೆ ದೀಪವನ್ನು ಕೂಡಿಸಿರುವುದುಂಟು. ಅದು ನೇರವಾಗಿ ತೊಡೆಯ ಮೇಲೆ ಬೀಳುವುದರಿಂದ ಪ್ರತಿಫಲನ ಕಡಿಮೆ, ಬರೆದುಕೊಳ್ಳಲು ಅನುಕೂಲ. ಆದರೆ ಹೊರಗಿನ ನ್ಯಾವಿಗೇಷನ್ ದೀಪಗಳ (ಮೇಲೆ ಹೇಳಿದ ಪೊಸಿಷನ್ ದೀಪಗಳ) ಸ್ವಿಚ್ ಹಾಕಿದರೆ ಮಾತ್ರ ಅದು ಹೊತ್ತುತ್ತದೆ. ಇದನ್ನು ತಿಳಿಯದೆ, ಬಲ್ಬ್ ಸುಟ್ಟಿದೆ ಎಂದುಕೊಂಡು ಅದನ್ನು ಬಳಸದೆಯೇ ಬಿಟ್ಟವರನ್ನು ನಾನು ಬಲ್ಲೆ. ಅದರ ಬೆಳಕನ್ನು ಹೊಂದಿಸುವ ಗರಗಸದಂಚಿನ ಪುಟ್ಟ ಚಕ್ರವೂ ಅಲ್ಲೇ ಕೆಳಗಿದೆ, ಬೆರಳಿಗಷ್ಟೇ ಸಿಗುವಂಥದ್ದು.

ಗಾರ್ಮಿನ್ ಜಿ1000 ಪರದೆಗಳಿರುವ ಹೊಸ 172ಗಳಲ್ಲಿ ಸಮಸ್ಯೆಯ ರೂಪ ಬೇರೆ. ಪರದೆಗಳ ಬೆಳಕನ್ನು ಹೊಂದಿಸುವ ಏವಿಯಾನಿಕ್ಸ್ ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿ ಆಫ್ ಮಾಡಿದರೆ ಪರದೆಗಳು ಕತ್ತಲಾಗುವುದಿಲ್ಲ. ಒಳಗಿನ ಬೆಳಕಿನ ಸಂವೇದಕಗಳ ಪ್ರಕಾರ ತಾವಾಗಿಯೇ ಹೊಂದಿಕೊಳ್ಳತೊಡಗುತ್ತವೆ. ಸ್ವಯಂಚಾಲಿತ ಮಟ್ಟ ನನಗೆ ಕತ್ತಲ ರಾತ್ರಿಗಳಲ್ಲಿ ತುಸು ಹೆಚ್ಚೆನಿಸುತ್ತದೆ, ಆದ್ದರಿಂದ ಕೈಯಿಂದಲೇ ಇಳಿಸಿಕೊಳ್ಳುತ್ತೇನೆ. ಹಾಗೆ ಇಳಿಸುವಾಗ ಪಕ್ಕದ ಹೆಚ್ಚುವರಿ ಮಾಪಕಗಳ ದೀಪವನ್ನು ಮರೆಯಬಾರದು. ದೊಡ್ಡ ಪರದೆ ಕೆಟ್ಟ ದಿನ ಕಣ್ಣು ಹುಡುಕುವುದು ಅವನ್ನೇ.

ನೆಲದ ಮೇಲೆ ಮುಗಿಸಬೇಕಾದ ಕೆಲಸ

ವಿಮಾನವನ್ನು ಸುತ್ತಿ ತಪಾಸಣೆ ಮಾಡುವಾಗ ಬಿಳಿ ಟಾರ್ಚನ್ನೇ ಧಾರಾಳವಾಗಿ ಬಳಸಬೇಕು. ಇಂಧನದ ಬಣ್ಣ, ಎಂಜಿನ್ ಆಯಿಲ್ ಸೋರಿಕೆ, ಟೈರಿನ ಸೀಳು ಇವು ಕೆಂಪು ಬೆಳಕಿನಲ್ಲಿ ಕಾಣುವುದಿಲ್ಲ, ಮತ್ತು ಆ ಹೊತ್ತಿಗೆ ಕಣ್ಣು ಪಳಗಿರಬೇಕಾದ ಅಗತ್ಯವೂ ಇಲ್ಲ. ವಿಂಡ್‌ಸ್ಕ್ರೀನನ್ನು ಹೊರಗೂ ಒಳಗೂ ಒರೆಸಬೇಕು. ಒಳಬದಿಯ ಬೆರಳಚ್ಚುಗಳು ಹಗಲಲ್ಲಿ ಗಮನಕ್ಕೆ ಬರುವುದಿಲ್ಲ, ರಾತ್ರಿ ಪ್ರತಿ ರನ್‌ವೇ ದೀಪವನ್ನೂ ನಕ್ಷತ್ರದಂತೆ ಕೆದರಿ ತೋರಿಸುತ್ತವೆ. ಪ್ಯಾನೆಲ್ಲಿನ ಮೇಲಿನ ಕಪ್ಪು ಹಾಸಿನ ಮೇಲೆ ಕಾಗದವನ್ನಾಗಲಿ ಫೋನನ್ನಾಗಲಿ ಇಡಬಾರದು. ನಾನು ರಾತ್ರಿ ಗಾಢ ಬಣ್ಣದ ಅಂಗಿಯನ್ನೇ ಹಾಕುತ್ತೇನೆ.

ಕುಳಿತ ಮೇಲೆ ಮೊದಲು ಪ್ರತಿ ದೀಪವನ್ನೂ ಪೂರ್ತಿ ಏರಿಸಿ, ಎಲ್ಲವೂ ಹೊತ್ತುತ್ತವೆಯೇ ಎಂದು ನೋಡಬೇಕು. ದಿಕ್ಸೂಚಿಯ ಪುಟ್ಟ ಬಲ್ಬನ್ನು ಮರೆಯುವವರೇ ಹೆಚ್ಚು. ಯಾವುದಾದರೂ ಹೊತ್ತದಿದ್ದರೆ ಸರ್ಕ್ಯೂಟ್ ಬ್ರೇಕರ್ ನೋಡಬೇಕು, ಅದು ಸರಿಯಿದ್ದರೆ ಬಲ್ಬ್ ಸುಟ್ಟಿರುವ ಸಂಭವವೇ ಹೆಚ್ಚು. ಹಳೆಯ ವಿಮಾನಗಳಲ್ಲಿ ಬಲ್ಬ್ ಬದಲಿಸುವಾಗ ವೋಲ್ಟೇಜ್ ಗಮನಿಸಬೇಕು: 172 ವಿಮಾನಗಳು 1978ರ ಮಾದರಿಯಿಂದ 28 ವೋಲ್ಟಿಗೆ ಬದಲಾದವು, ಅದಕ್ಕೂ ಹಿಂದಿನವು 14 ವೋಲ್ಟಿನವು, ಮತ್ತು ನೋಡಲು ಒಂದೇ ಬಗೆಯ ಬಲ್ಬ್‌ಗಳು ಎರಡಕ್ಕೂ ಇವೆ. ದಿಕ್ಸೂಚಿ ದೀಪದ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದಿರುವುದು ಅಂದಕ್ಕಲ್ಲ. ಬಿಡಿಯಾಗಿದ್ದರೆ ವಿದ್ಯುತ್ ಹರಿಯುವಾಗ ಹುಟ್ಟುವ ಕಾಂತಕ್ಷೇತ್ರ ಮುಳ್ಳನ್ನು ಎಳೆಯುತ್ತದೆ. ದುರಸ್ತಿಯಾದ ಮೇಲೆ ದೀಪ ಹೊತ್ತಿಸಿ, ಆರಿಸಿ, ದಿಕ್ಸೂಚಿ ಕದಲುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಅನಂತರ ಎಲ್ಲವನ್ನೂ ಓದಲಾಗದಷ್ಟು ಇಳಿಸಿ, ಓದಲು ಸಾಧ್ಯವಾಗುವ ಮಟ್ಟಕ್ಕೆ ಮಾತ್ರ ನಿಧಾನವಾಗಿ ಏರಿಸಬೇಕು. ಮೇಲಿನಿಂದ ಇಳಿಸುತ್ತ ಬಂದರೆ ಕಣ್ಣು ಯಾವಾಗಲೂ ಅಗತ್ಯಕ್ಕಿಂತ ಹೆಚ್ಚಿನ ಮಟ್ಟದಲ್ಲೇ ತೃಪ್ತಿಪಡುತ್ತದೆ. ರೇಡಿಯೋ, ಮಾಪಕ, ಪರದೆ ಮೂರೂ ಒಂದೇ ಮಟ್ಟದಲ್ಲಿ ಕಾಣಬೇಕು. ಒಂದು ಪರದೆ ಮಾತ್ರ ಪ್ರಖರವಾಗಿದ್ದರೆ ಉಳಿದವು ಎಷ್ಟೇ ಸರಿಯಿದ್ದರೂ ಕತ್ತಲಾಗಿ ತೋರುತ್ತವೆ. ಈ ತಪ್ಪನ್ನು ಹೆಚ್ಚಾಗಿ ಮಾಡುವುದು ತೊಡೆಯ ಮೇಲಿನ ಟ್ಯಾಬ್ಲೆಟ್. ಅದರ ಕನಿಷ್ಠ ಮಟ್ಟವೂ ಕತ್ತಲ ಕಾಕ್‌ಪಿಟ್‌ಗೆ ಹೆಚ್ಚೇ ಆಗುವುದರಿಂದ, ಬಿಳುಪನ್ನು ಇನ್ನಷ್ಟು ತಗ್ಗಿಸುವ ಸೆಟ್ಟಿಂಗನ್ನು ಮನೆಯಲ್ಲೇ ಹುಡುಕಿಟ್ಟುಕೊಂಡು, ಕಪ್ಪು ಹಿನ್ನೆಲೆಯ ನಕ್ಷೆಯನ್ನು ಆರಿಸಿಕೊಳ್ಳಬೇಕು.

ಕೊನೆಯದಾಗಿ, ಎಂಜಿನ್ ಚಾಲೂ ಮಾಡುವ ಮೊದಲು ಎಲ್ಲ ದೀಪಗಳನ್ನೂ ಆರಿಸಿ, ಕಣ್ಣು ಮುಚ್ಚಿ, ಫ್ಲಾಪ್ (ಇಳಿಯುವಾಗ ಕೆಳಕ್ಕೆ ಬಾಗಿಸುವ, ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸುವ ಸ್ವಿಚ್, ಇಂಧನ ಕವಾಟ, ಬೆಳಕು ಹೊಂದಿಸುವ ಡಿಮ್ಮರ್, ಲ್ಯಾಂಡಿಂಗ್ ಲೈಟ್ ಸ್ವಿಚ್, ಟಾರ್ಚ್ ಇವನ್ನು ಕೈಯಿಂದ ಮುಟ್ಟಿ ಹೆಸರು ಹೇಳಬೇಕು. ನನ್ನ ಬೋಧಕರು ಇದನ್ನು ಮೂರು ಬಾರಿ ತಪ್ಪಿಲ್ಲದೆ ಮಾಡುವವರೆಗೆ ಬೀಗದ ಕೈ ಕೊಡುತ್ತಿರಲಿಲ್ಲ.

ಟಾರ್ಚ್‌ಗಳ ಬಗ್ಗೆ

ಎರಡು ಟಾರ್ಚ್ ಬೇಕು, ಮೂರಿದ್ದರೆ ಇನ್ನೂ ಒಳ್ಳೆಯದು. ಒಂದು ತಪಾಸಣೆಗೆ ದೊಡ್ಡ ಬಿಳಿಯದು. ಇನ್ನೊಂದು ಕುತ್ತಿಗೆಗೆ ದಾರದಿಂದ ನೇತುಹಾಕಿಕೊಳ್ಳುವ ಚಿಕ್ಕದು, ಏಕೆಂದರೆ ಅಲುಗಾಟದಲ್ಲಿ ಸೀಟಿನಡಿ ಉರುಳಿಹೋದ ಟಾರ್ಚ್ ಇದ್ದೂ ಇಲ್ಲದ ಹಾಗೆ. ತಲೆಗೆ ಕಟ್ಟುವ ದೀಪವಾಗಲಿ ಹೆಡ್‌ಸೆಟ್ಟಿನ ಮೈಕಿನ ಕಡ್ಡಿಗೆ ಸಿಕ್ಕಿಸುವ ಪುಟ್ಟ ದೀಪವಾಗಲಿ ಎರಡೂ ಕೈಗಳನ್ನು ಬಿಡುವಾಗಿಡುತ್ತದೆ. ಕೊಳ್ಳುವಾಗ ಒಂದು ವಿಷಯವನ್ನು ಅಂಗಡಿಯಲ್ಲೇ ನೋಡಬೇಕು: ಗುಂಡಿ ಒತ್ತಿದಾಗ ಮೊದಲು ಯಾವ ಬಣ್ಣ ಬರುತ್ತದೆ? ನನ್ನ ಹಳೆಯ ತಲೆದೀಪದಲ್ಲಿ ಮೊದಲ ಒತ್ತಿಗೆ ಪ್ರಖರ ಬಿಳಿ, ಎರಡನೆಯದಕ್ಕೆ ಮಂದ ಬಿಳಿ, ಮೂರನೆಯದಕ್ಕೆ ಕೆಂಪು. ಒಂದು ಕತ್ತಲ ರಾತ್ರಿ ರನ್‌ವೇಗೆ ಅಡ್ಡಲಾಗಿ ತಿರುಗುವ ಬೇಸ್ ಹಂತದಲ್ಲಿ, ಫ್ಲಾಪ್ ಸೂಚಕ ಕಾಣದೆ ಅದನ್ನು ಒತ್ತಿದೆ. ಎಡಗಡೆ ಕಿಟಕಿಯ ಗಾಜು ಇಡಿಯಾಗಿ ಬಿಳಿಚಿತು, ರನ್‌ವೇ ದೀಪಗಳ ಸಾಲು ಕಣ್ಮರೆಯಾಯಿತು. ದೀಪ ಆರಿಸಿದ ಮೇಲೂ ಸಾಲು ಮಸುಕಾಗಿಯೇ ಉಳಿಯಿತು. ಇಳಿಯುವುದನ್ನು ಬಿಟ್ಟು ಮೇಲಕ್ಕೇರಿ, ಮತ್ತೊಂದು ಸುತ್ತು ಹಾಕಿ ಬಂದೆ. ಮರುದಿನವೇ, ಮೊದಲ ಒತ್ತಿಗೆ ಕೆಂಪು ಬರುವ ದೀಪವೊಂದನ್ನು ಕೊಂಡೆ.

ಹಾರಾಟದ ನಡುವೆ

ನೆಲದ ಮೇಲೆ ಹೊಂದಿಸಿದ ಬೆಳಕು ಅರ್ಧ ಗಂಟೆಯ ನಂತರ ಹೆಚ್ಚೆನಿಸುವುದು ಸಹಜ, ಏಕೆಂದರೆ ಅಷ್ಟರಲ್ಲಿ ಕಣ್ಣು ಪಳಗಿರುತ್ತದೆ. ಆಗ ಇನ್ನೊಮ್ಮೆ ಇಳಿಸಬೇಕು. ಆದರೆ ಕ್ಷಿತಿಜವೇ ಕಾಣದ ರಾತ್ರಿಗಳಲ್ಲಿ ವಿಮಾನ ಎತ್ತ ವಾಲಿದೆ, ಮೂಗು ಮೇಲಿದೆಯೋ ಕೆಳಗಿದೆಯೋ ಎಂದು ತೋರಿಸುವ ಆಟಿಟ್ಯೂಡ್ ಸೂಚಕ ಒಂದೇ ನೋಟಕ್ಕೆ ತಿಳಿಯುವಷ್ಟು ಬೆಳಕು ಇರಲೇಬೇಕು. 1999ರ ಜುಲೈ 16ರಂದು ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ನಡೆಸುತ್ತಿದ್ದ ಪೈಪರ್ ಸಾರಟೋಗ ಎಂಬ ಸಣ್ಣ ವಿಮಾನ ಮಾರ್ತಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಾಗ, ಮಬ್ಬು ಕವಿದ ಕತ್ತಲಲ್ಲಿ ನೀರಿನ ಮೇಲೆ ದಿಕ್ಕುಗೆಟ್ಟು ನಿಯಂತ್ರಣ ತಪ್ಪಿದ್ದೇ ಕಾರಣವೆಂದು ತನಿಖೆ ಹೇಳಿತು. ಅಂಥ ರಾತ್ರಿ ಹೊರನೋಟ ಕಾಪಾಡಲೆಂದು ಮಾಪಕಗಳನ್ನು ಕತ್ತಲಲ್ಲಿಡುವುದು ತಲೆಕೆಳಗಾದ ಲೆಕ್ಕ. ಅಲ್ಲಿ ನಂಬಬೇಕಾದದ್ದು ಒಳಗಿನ ಮಾಪಕಗಳನ್ನೇ.

ಸುತ್ತಮುತ್ತ ಮಿಂಚು ಹೊಡೆಯುತ್ತಿದ್ದರೆ ಕಾಕ್‌ಪಿಟ್ ದೀಪಗಳನ್ನು ಪೂರ್ತಿ ಏರಿಸಬೇಕು, ಇಲ್ಲದಿದ್ದರೆ ಪಳಗಿದ ಕಣ್ಣು ಒಂದೇ ಮಿಂಚಿಗೆ ಕೆಲ ಹೊತ್ತು ಏನನ್ನೂ ಓದಲಾರದು. ಪ್ರಖರ ಬೆಳಕನ್ನು ಎದುರಿಸಲೇಬೇಕಾದಾಗ ಒಂದು ಕಣ್ಣನ್ನು ಮುಚ್ಚಿಕೊಂಡರೆ ಆ ಕಣ್ಣಿನ ಪಳಗುವಿಕೆ ಉಳಿಯುತ್ತದೆ. ಮಂಜಿನಲ್ಲಿ ರೆಕ್ಕೆತುದಿಯ ಸ್ಟ್ರೋಬ್ ದೀಪಗಳು ಒಳಕ್ಕೆ ಚಿಮ್ಮಿ ಕಣ್ಣು ಕುಕ್ಕಿದರೆ ಅವನ್ನು ಆರಿಸಬಹುದು. ಪಕ್ಕದ ವಿಮಾನವೆಂದು ತೋರಿದ ಬೆಳಕು ತಲೆ ಅಲುಗಿಸಿದಾಗ ಗಾಜಿನ ಮೇಲೆ ಜಾರಿದರೆ, ಅದು ನಮ್ಮದೇ ಪ್ಯಾನೆಲ್ಲಿನ ಪ್ರತಿಬಿಂಬ.

ಇಳಿಯುವ ಮುನ್ನ ಪ್ಯಾನೆಲ್ಲನ್ನು ಇನ್ನೊಂದು ಮಟ್ಟ ಇಳಿಸಬೇಕು. ರನ್‌ವೇ ದೀಪಗಳನ್ನೂ ನೋಡಿಕೊಳ್ಳಬೇಕು: ಟವರ್ ಇಲ್ಲದ ಅಮೆರಿಕದ ಅನೇಕ ಏರ್‌ಪೋರ್ಟುಗಳಲ್ಲಿ 5 ಸೆಕೆಂಡಿನೊಳಗೆ ಮೈಕಿನ ಗುಂಡಿಯನ್ನು 7 ಬಾರಿ ಒತ್ತಿದರೆ ಪ್ರಖರ, 5 ಬಾರಿಗೆ ಮಧ್ಯಮ, 3 ಬಾರಿಗೆ ಮಂದ ಮಟ್ಟಕ್ಕೆ ಅವು ಬರುತ್ತವೆ, 15 ನಿಮಿಷ ಉರಿಯುತ್ತವೆ. ದೂರದಿಂದ ಹುಡುಕಲು 7, ಹತ್ತಿರ ಬಂದಮೇಲೆ 3 ಎಂಬುದು ನನ್ನ ಕ್ರಮ. ಚಕ್ರ ಮಡಚುವ ವಿಮಾನ ಹಾರಿಸುವವರು ಇನ್ನೊಂದನ್ನು ನೆನಪಿಡಬೇಕು: ಅಂಥ ಕೆಲವು ವಿಮಾನಗಳಲ್ಲಿ ರಾತ್ರಿಯ ದೀಪಗಳ ಸ್ವಿಚ್ ಹಾಕಿದರೆ ಚಕ್ರ ಇಳಿದದ್ದನ್ನು ತೋರಿಸುವ ಹಸಿರು ದೀಪಗಳು ತಾವಾಗಿ ಮಂದವಾಗುತ್ತವೆ. ಸಂಜೆ ಮಬ್ಬಿನಲ್ಲಿ ಅವು ಹೊತ್ತೇ ಇಲ್ಲವೆಂದು ಗಾಬರಿಯಾಗುವ ಮೊದಲು, ಅಂಗೈಯಿಂದ ಮರೆಮಾಡಿ ನೋಡಬೇಕು.

ದೀಪಗಳೆಲ್ಲ ಒಮ್ಮೆಗೇ ಆರಿದರೆ ಮೊದಲ ಕೆಲಸ ವಿಮಾನವನ್ನು ನೇರವಾಗಿ ಹಾರಿಸುವುದು, ಎರಡನೆಯದು ಕುತ್ತಿಗೆಯ ಟಾರ್ಚ್, ಬ್ರೇಕರ್‌ನ ಸರದಿ ಅದರ ನಂತರ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿ ಸಮೀಪ ಈಸ್ಟರ್ನ್ ಏರ್‌ಲೈನ್ಸ್ 401ರ ಸಿಬ್ಬಂದಿ ಸುಟ್ಟುಹೋದ ಒಂದು ಸೂಚಕ ಬಲ್ಬಿನ ಹಿಂದೆ ಬಿದ್ದಿದ್ದಾಗ ವಿಮಾನ ಮೆಲ್ಲನೆ ಇಳಿಯುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. 101 ಜನ ಪ್ರಾಣ ಕಳೆದುಕೊಂಡರು. ಒಬ್ಬರೇ ಹಾರುವ ಸಣ್ಣ ವಿಮಾನದಲ್ಲಿ ಬಲ್ಬ್ ನೋಡಲು ಎರಡನೆಯ ಜೋಡಿ ಕಣ್ಣೂ ಇರುವುದಿಲ್ಲ. ದೀಪಗಳು ಕ್ರಮೇಣ ಮಂಕಾಗುತ್ತಿದ್ದರೆ ಕಣ್ಣು ಪಳಗಿತೆಂದು ಸುಮ್ಮನಿರದೆ, ವಿದ್ಯುತ್ ಹರಿವನ್ನು ತೋರಿಸುವ ಅಮ್ಮೀಟರ್ ನೋಡಬೇಕು. ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಕೈಕೊಟ್ಟು ಬ್ಯಾಟರಿ ಬರಿದಾಗುತ್ತಿರಬಹುದು. ಹಾಗಿದ್ದರೆ ಅನಗತ್ಯವಾದದ್ದನ್ನೆಲ್ಲ ಆರಿಸಿ, ಒಂದು ರೇಡಿಯೋ ಮತ್ತು ಮಂದ ಪ್ಯಾನೆಲ್ ಬೆಳಕನ್ನು ಉಳಿಸಿಕೊಂಡು ಹತ್ತಿರದ ಏರ್‌ಪೋರ್ಟಿನತ್ತ ತಿರುಗಬೇಕು.

ವಿಮಾನ ನಿಲ್ಲಿಸಿದ ಮೇಲೆ ಸುಟ್ಟ ಬಲ್ಬ್, ಸಡಿಲವಾದ ಡಿಮ್ಮರ್ ಏನಿದ್ದರೂ ದೋಷಗಳ ಪುಸ್ತಕದಲ್ಲಿ ಬರೆದಿಡಬೇಕು. ಅದೇ ವಿಮಾನವನ್ನು ಮರುದಿನ ಹಗಲಲ್ಲಿ ಹಾರಿಸುವವರಿಗೆ ಅದು ಕಾಣುವುದಿಲ್ಲ, ಮುಂದಿನ ರಾತ್ರಿ ಹಾರಿಸುವವರಿಗೆ ಬೇಕಾಗುತ್ತದೆ.